ಬೆಳಗಾವಿ ಕಾಂಗ್ರೆಸ್ಸಿಗೆ ನಾನು ಬಾಕಿ ಇಟ್ಟ ಮುನ್ನೂರಿಪ್ಪತ್ತು ಸುತ್ತು

ಇಲ್ಲಿ ಏನಾದರೂ ಬರೆದು ತುಂಬಾ ದಿನಗಳಾದವು. ಸೋಮಾರಿತನ ಅಂದುಕೊಳ್ಳಬೇಡಿ. ಒಂದು ತಿಂಗಳಿಂದ ಸಂಜೆ ಕೀಬೋರ್ಡ್ ಮುಟ್ಟಬೇಕಾದ ಹೊತ್ತಿನಲ್ಲಿ ಎಡಗೈಯಲ್ಲಿ ಹಂಜಿ, ಬಲಗೈಯಲ್ಲಿ ಚರಕದ ಹಿಡಿ ಹಿಡಿದುಕೊಂಡು ಕೂತಿದ್ದೆ. ನೂಲುವುದಕ್ಕೆ. ಹೌದು, ನಗಬೇಡಿ :-)

ಇದೆಲ್ಲ ಶುರುವಾದದ್ದು ಒಂದು ಲೆಕ್ಕದಿಂದ. ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ನೂರು ವರ್ಷ ತುಂಬಿತು ಅಂತ 2024ರ ಡಿಸೆಂಬರಿನಲ್ಲಿ ಪತ್ರಿಕೆಗಳ ತುಂಬ ಬಂತಲ್ಲ. 1924ರ ಡಿಸೆಂಬರ್ 26 ಮತ್ತು 27, ಗಾಂಧೀಜಿ ಅಧ್ಯಕ್ಷತೆ ವಹಿಸಿದ ಒಂದೇ ಒಂದು ಕಾಂಗ್ರೆಸ್ ಅಧಿವೇಶನ, ಗಂಗಾಧರರಾವ್ ದೇಶಪಾಂಡೆಯವರ ಓಡಾಟ, ನೀರಿಗೆ ತೋಡಿದ ಬಾವಿ... ಇವನ್ನೆಲ್ಲ ಶಾಲೆಯಿಂದಲೂ ಕೇಳಿದ್ದೇವೆ. ಆದರೆ ಅಲ್ಲಿ ಪಾಸಾದ ಒಂದು ನಿಯಮ ನನ್ನ ಕಣ್ಣಿಗೆ ಅಷ್ಟಾಗಿ ಬಿದ್ದಿರಲಿಲ್ಲ. ಅಲ್ಲಿಯವರೆಗೆ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ವರ್ಷಕ್ಕೆ ನಾಲ್ಕಾಣೆ ಕೊಟ್ಟರೆ ಸಾಕಿತ್ತು. ಬೆಳಗಾವಿಯಲ್ಲಿ ಅದನ್ನು ತೆಗೆದು, ಚಂದಾ ಇನ್ನು ಮುಂದೆ ನೂಲಿನ ರೂಪದಲ್ಲಿ ಅಂತ ಮಾಡಿದರು. ತಿಂಗಳಿಗೆ ಎರಡು ಸಾವಿರ ಗಜ, ಅದೂ ಸಮನಾಗಿ ನೂತ ನೂಲು.

ಎರಡು ಸಾವಿರ ಗಜ ಅಂದರೆ ಎಷ್ಟು? ಓದುವಾಗ ಅದು ಬರೀ ಸಂಖ್ಯೆ. ನಮ್ಮ ಮನೆಯಲ್ಲಿ ನೂಲು ಸುತ್ತುವ ಒಂದು ಮರದ ಚೌಕಟ್ಟಿದೆ, ಒಂದು ಸುತ್ತಿಗೆ ನಾಲ್ಕು ಅಡಿ. ಎರಡು ಸಾವಿರ ಗಜವೆಂದರೆ ಆರು ಸಾವಿರ ಅಡಿ, ಅಂದರೆ 1500 ಸುತ್ತು. ತಿಂಗಳಿಗೆ ಮೂವತ್ತು ದಿನ, ದಿನಕ್ಕೆ 50 ಸುತ್ತು. ದಿನಕ್ಕೆ ಅರ್ಧ ಗಂಟೆ ನೂಲಿ ಅಂತ ಗಾಂಧೀಜಿ ಹೇಳುತ್ತಿದ್ದರು. ಅರ್ಧ ಗಂಟೆಗೆ ಐವತ್ತು ಸುತ್ತು ಬಂದರೆ ಚಂದಾ ಪೂರ್ತಿ. ಅಷ್ಟೇನೂ ಕಷ್ಟವಲ್ಲ ಅನ್ನಿಸಿತು. ನೂರು ವರ್ಷ ತಡವಾದರೂ ಒಂದು ತಿಂಗಳ ಮಟ್ಟಿಗೆ ಸದಸ್ಯಳಾಗಿ ನೋಡೋಣ ಅಂತ ಅಟ್ಟದಿಂದ ಪೆಟ್ಟಿಗೆ ಚರಕ ಇಳಿಸಿದೆ.

ಮೊದಲ ದಿನ ಅರ್ಧ ಗಂಟೆಯಲ್ಲಿ ಬಂದದ್ದು ಒಂಬತ್ತು ಸುತ್ತು.

ನೋಡಲು ಸುಲಭ ಕಣ್ರೀ. ಬಲಗೈ ಚಕ್ರ ತಿರುಗಿಸುತ್ತದೆ, ಎಡಗೈ ಹಂಜಿಯನ್ನು ಹಗುರವಾಗಿ ಹಿಡಿದು ಹಿಂದಕ್ಕೆ ಎಳೆಯುತ್ತದೆ. ಕದಿರಿನ ತುದಿಯಿಂದ ನೂಲು ಒಂದು ಸಲ ಜಾರಿದರೆ ಒಂದು ಹುರಿ. ತೋಳಿನಷ್ಟು ಉದ್ದ ಬಂದ ಮೇಲೆ ನೂಲನ್ನು ಕದಿರಿಗೆ ಅಡ್ಡ ಹಿಡಿದು ಸುತ್ತಿಸಿ, ಮತ್ತೆ ಮೊದಲಿನಿಂದ. ಕಷ್ಟವೇನೆಂದರೆ ಎರಡು ಕೈಗೂ ಬೇರೆ ಬೇರೆ ಬುದ್ಧಿ ಬೇಕು. ಚಕ್ರ ಜೋರಾದರೆ ಹುರಿ ಹೆಚ್ಚಾಗಿ ನೂಲು ಗಂಟು ಬೀಳುತ್ತದೆ, ನಿಧಾನವಾದರೆ ಹುರಿ ಸಾಲದೆ ಬಿಚ್ಚಿಕೊಳ್ಳುತ್ತದೆ. ಹಂಜಿ ಬಿಗಿ ಹಿಡಿದರೆ ಹರಿಯುತ್ತದೆ, ಸಡಿಲ ಬಿಟ್ಟರೆ ದಾರದ ಬದಲು ದೇವರ ಬತ್ತಿ ಬರುತ್ತದೆ. ನನ್ನ ಮೊದಲ ವಾರದ ನೂಲು ನೋಡಿ ಅವ್ವ ಅಂದದ್ದು: "ಇದನ್ನ ಸಣ್ಣಗ ಕತ್ತರಿಸಿ ಇಡವಾ, ದೀಪಕ್ಕರ ಬರ್ತೈತಿ."

ಆ ವಾರದ ಒಟ್ಟು ಮೊತ್ತ 110 ಸುತ್ತು. ಬೇಕಾಗಿದ್ದದ್ದು 350.

ಇಷ್ಟಕ್ಕೂ ನಾನು ಬಳಸುತ್ತಿದ್ದದ್ದು ಖಾದಿ ಕೇಂದ್ರದಿಂದ ತಂದ ಸಿದ್ಧ ಹಂಜಿ. ಅದರಲ್ಲೇ ಅರ್ಧ ಮೋಸವಿದೆ. ಹತ್ತಿ ಬಿಡಿಸಿ, ಬೀಜ ತೆಗೆದು, ಅರಳೆಯನ್ನು ಹಿಂಜಿ, ಹಂಜಿ ಮಾಡುವ ಕೆಲಸವನ್ನೆಲ್ಲ ಬೇರೆಯವರು ಮಾಡಿಟ್ಟಿದ್ದಾರೆ. ನಮ್ಮ ಧಾರವಾಡ ಸೀಮೆಯಲ್ಲಿ ಬೀಜ ತೆಗೆಯುವ ಕೆಲಸ ಹೇಗಿತ್ತು ಅನ್ನುವುದನ್ನು ಹತ್ತೊಂಬತ್ತನೇ ಶತಮಾನದ ಇಂಗ್ಲಿಷ್ ವರದಿಗಳು ಬಣ್ಣಿಸುತ್ತವೆ: ಹೆಂಗಸು ಕೂತು, ಮುಂದೆ ಚಪ್ಪಟೆ ಕಲ್ಲಿಟ್ಟುಕೊಂಡು, ಅದರ ಮೇಲೆ ಕಬ್ಬಿಣದ ಸಣ್ಣ ಕೋಲನ್ನು ಅಂಗಾಲಿನಿಂದ ಹಿಂದೆ ಮುಂದೆ ಉರುಳಿಸುತ್ತಾಳೆ. ಕೈ ಹತ್ತಿ ಒಡ್ಡುತ್ತದೆ, ಅರಳೆ ಒಂದು ಕಡೆ, ಬೀಜ ಒಂದು ಕಡೆ. ಇಡೀ ದಿನ ಅಂಗಾಲಲ್ಲಿ! ಹಾಗೆ ಬಿಡಿಸಿದ ನಮ್ಮ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಅದಕ್ಕೇ ಲಿವರ್‌ಪೂಲಿನ ವರ್ತಕರ ಬಾಯಲ್ಲಿ ಧಾರವಾಡದ ಹತ್ತಿಗೆ 'ಕುಮ್ಟಾ' ಅನ್ನುವ ಹೆಸರು. ಬೆಳೆದವರ ಊರಿನ ಹೆಸರಲ್ಲ, ಸಾಗಿಸಿದ ಊರಿನ ಹೆಸರು. ಕುಮಟೆಯವರಿಗೆ ಇದು ಗೊತ್ತಿದೆಯೋ ಇಲ್ಲವೋ!

ಹಂಜಿಯ ಈ ತೊಂದರೆ ಗಾಂಧೀಜಿಗೂ ಬಂದಿತ್ತು. ಅವರ ಆತ್ಮಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದು. 1909ರಲ್ಲಿ 'ಹಿಂದ್ ಸ್ವರಾಜ್' ಬರೆದು ಕೈಮಗ್ಗ, ಚರಕಗಳನ್ನು ಕೊಂಡಾಡಿದ ಮನುಷ್ಯ ಅಲ್ಲಿಯವರೆಗೆ ಅವೆರಡನ್ನೂ ಕಣ್ಣಾರೆ ಕಂಡ ನೆನಪೇ ತನಗಿಲ್ಲ ಅಂತ ಮುಂದೆ ಒಪ್ಪಿಕೊಳ್ಳುತ್ತಾರೆ. 1915ರಲ್ಲಿ ದೇಶಕ್ಕೆ ಮರಳಿದ ಮೇಲೆ ಆಶ್ರಮದಲ್ಲಿ ಮಗ್ಗ ಹಾಕಿಸಿದರು. ಆದರೆ ನೂಲು ಮಾತ್ರ ಗಿರಣಿಯದೇ. ನೂಲುವವರೇ ಸಿಗಲಿಲ್ಲ. ಕೊನೆಗೆ ಗಂಗಾಬೆನ್ ಮಜುಮ್‌ದಾರ್ ಎಂಬ ವಿಧವೆ ಊರೂರು ಅಲೆದು ಬರೋಡಾ ಸಂಸ್ಥಾನದ ವಿಜಾಪುರದಲ್ಲಿ ರಾಟೆಗಳನ್ನು ಪತ್ತೆ ಹಚ್ಚಿದರು (ನಮ್ಮ ವಿಜಾಪುರವಲ್ಲ, ಗುಜರಾತಿನದು). ಎಲ್ಲ ಅಟ್ಟ ಸೇರಿದ್ದವು. ಹಂಜಿ ಕೊಟ್ಟು, ನೂತ ನೂಲನ್ನು ಕೊಳ್ಳುವುದಾದರೆ ಮತ್ತೆ ನೂಲುತ್ತೇವೆ ಅಂದರಂತೆ ಆ ಮನೆಗಳವರು. ಹಂಜಿ ಎಲ್ಲಿಂದ ತರುವುದು? ಮುಂಬಯಿಯ ಗಿರಣಿ ಮಾಲೀಕ ಉಮರ್ ಸೋಬಾನಿ ತನ್ನ ಗಿರಣಿಯಿಂದಲೇ ಕಳಿಸಿಕೊಟ್ಟರು. ಗಿರಣಿಯ ವಿರುದ್ಧದ ಚರಕಕ್ಕೆ ಗಿರಣಿಯದೇ ಹಂಜಿ! ಗಾಂಧೀಜಿಗೆ ಇದು ಸರಿ ಬರಲಿಲ್ಲ. ಗಂಗಾಬೆನ್ ಮತ್ತೆ ಓಡಾಡಿ ಹತ್ತಿ ಹಿಂಜುವವರನ್ನು ಗೊತ್ತು ಮಾಡಿದರು.

ಹೀಗಾಗಿ ನನಗೂ ಸ್ವಲ್ಪ ಸಮಾಧಾನ.

ಎರಡನೆಯ ವಾರ ಕೈ ಸ್ವಲ್ಪ ಪಳಗಿತು. ದಿನಕ್ಕೆ ಮೂವತ್ತು, ಮೂವತ್ತೈದು ಸುತ್ತು. ಕೈ ತಾನಾಗಿ ನಡೆಯತೊಡಗಿದಾಗ ತಲೆ ಎಲ್ಲೆಲ್ಲೋ ಹೋಗುತ್ತದೆ. ನನ್ನ ತಲೆ ಹೋದದ್ದು ಕದಿರ ರೆಮ್ಮವ್ವೆಯ ಕಡೆಗೆ. ಹನ್ನೆರಡನೇ ಶತಮಾನದ ಶರಣೆ, ನೂಲುವುದೇ ಕಾಯಕ. ಅವಳ ವಚನವೊಂದರಲ್ಲಿ ರಾಟೆಯ ಒಂದೊಂದು ಭಾಗಕ್ಕೂ ಒಂದೊಂದು ದೈವವನ್ನು ಕೂರಿಸುತ್ತಾಳೆ: ಕೆಳಗಿನ ಹಲಗೆಗೆ ಒಬ್ಬ, ಮೇಲಿನದಕ್ಕೆ ಒಬ್ಬ, ಹೀಗೆ ಕದಿರಿನವರೆಗೆ. ಕನ್ನಡ ಎಂ.ಎ. ಮಾಡಿದವರು ಇದನ್ನು ಭಕ್ತಿಯ ರೂಪಕ ಅಂತ ಓದಿರುತ್ತಾರೆ. ನಾನೂ ಹಾಗೇ ಓದಿದ್ದೆ. ಆದರೆ ಇತಿಹಾಸಕಾರರಿಗೆ ಅದು ಒಂದು ಸಾಕ್ಷಿ.

ಯಾಕೆ ಅಂತೀರಾ? ಕದಿರು ಬಹಳ ಹಳೆಯದು, ಸಿಂಧೂ ಕಣಿವೆಯಲ್ಲೇ ಕದಿರಿನ ಬಿಲ್ಲೆಗಳು ಸಿಕ್ಕಿವೆ. ಬೆರಳಲ್ಲಿ ಬುಗುರಿಯಂತೆ ತಿರುಗಿಸುತ್ತಿದ್ದ ಆ ಕದಿರಿಗೆ ಚಕ್ರ ಜೋಡಿಸಿದ್ದು ಯಾವಾಗ, ಎಲ್ಲಿ ಅನ್ನುವುದೇ ಪ್ರಶ್ನೆ. ಭಾರತಕ್ಕೆ ರಾಟೆ ಬಂದದ್ದು ತುರ್ಕರ ಜೊತೆಗೆ ಅನ್ನುವುದು ಇರ್ಫಾನ್ ಹಬೀಬರ ವಾದ. ಅವರು ಮುಂದಿಡುವ ಆಧಾರ ಇಸಾಮಿ ಎಂಬ ಕವಿ 1350ರಲ್ಲಿ ಬರೆದು ಮುಗಿಸಿದ 'ಫುತೂಹ್ ಉಸ್ ಸಲಾತೀನ್' ಎಂಬ ಪಾರಸಿ ಕಾವ್ಯ. ಅದರಲ್ಲಿ ರಜಿಯಾ ಸುಲ್ತಾನಳನ್ನು ಹಂಗಿಸುತ್ತ, ಹೆಂಗಸಿಗೆ ಸಿಂಹಾಸನ ಯಾಕೆ, ಚರಕದ ಮುಂದೆ ಕೂತರೆ ಸಾಕು ಅನ್ನುವ ಅರ್ಥದ ಮಾತು ಬರುತ್ತದೆ. ತಮಾಷೆಯೆಂದರೆ ಇಸಾಮಿ ಇದನ್ನು ಬರೆದದ್ದು ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಮೊದಲ ಬಹಮನಿ ಸುಲ್ತಾನನ ಆಶ್ರಯದಲ್ಲಿ. ಅಂದರೆ ಬಸವಕಲ್ಯಾಣದ ಪಕ್ಕದ ಸೀಮೆಯಲ್ಲೇ!

ವಿಜಯಾ ರಾಮಸ್ವಾಮಿಯವರು ಇದಕ್ಕೆ ಎದುರಾಗಿ ರೆಮ್ಮವ್ವೆಯನ್ನು ತಂದು ನಿಲ್ಲಿಸಿದರು. ಇಸಾಮಿಗಿಂತ ಸುಮಾರು ಇನ್ನೂರು ವರ್ಷ ಮೊದಲೇ ಕನ್ನಡ ನಾಡಿನಲ್ಲಿ ಒಬ್ಬ ಹೆಂಗಸು ರಾಟೆಯ ಭಾಗಗಳನ್ನು ಬಿಡಿಬಿಡಿಯಾಗಿ ಹೆಸರಿಸುತ್ತಿದ್ದಾಳಲ್ಲ ಅಂತ. ವಚನಗಳ ಓಲೆಪ್ರತಿಗಳು ಹನ್ನೆರಡನೇ ಶತಮಾನದವಲ್ಲ, ನಂತರದ ಶತಮಾನಗಳಲ್ಲಿ ಕೂಡಿಸಿ ಬರೆದವು. ಅದರಿಂದ ಈ ಸಾಕ್ಷಿಯನ್ನು ಒಪ್ಪದವರೂ ಇದ್ದಾರೆ, ಅವರ ಅನುಮಾನ ನ್ಯಾಯವಾದದ್ದೇ. ನನ್ನ ಮನಸ್ಸು ಮಾತ್ರ ರೆಮ್ಮವ್ವೆಯ ಕಡೆಗೆ. ಕನ್ನಡದ ಅಭಿಮಾನ ಅಂದುಕೊಳ್ಳಬೇಡಿ. ಇಸಾಮಿ ಚರಕವನ್ನು ಹೆಸರಿಸುವುದು ಹೆಂಗಸನ್ನು ಒಳಗೆ ತಳ್ಳುವುದಕ್ಕೆ. ಇವಳು ಅದರ ಹಲಗೆ, ಕಂಬ, ಕದಿರುಗಳನ್ನು ಮುಟ್ಟಿ ಮುಟ್ಟಿ ಹೇಳುತ್ತಾಳೆ. ದಿನಕ್ಕೆ ಅರ್ಧ ಗಂಟೆ ಕೂತವಳಿಗೂ ಆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೂ ಒಂದು ವಿಷಯ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿಯ ಪರವಾಗಿ ಮೈಸೂರು ಸೀಮೆ ಸುತ್ತಿದ ಡಾ. ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನ ನೂಲಿನ ಬಗ್ಗೆ ಬರೆದಿದ್ದಾನೆ. ಸಂತೆಯಲ್ಲಿ ಹತ್ತಿ ಕೊಂಡು, ಮನೆಯಲ್ಲಿ ನೂತು, ಮತ್ತೆ ನೇಕಾರರಿಗೆ ಮಾರುತ್ತಿದ್ದವರು ಎಲ್ಲ ಜಾತಿಯ ಹೆಂಗಸರು, ಬ್ರಾಹ್ಮಣರ ಮನೆಯವರನ್ನು ಬಿಟ್ಟು. ನೇಯುವುದಕ್ಕೆ ದೇವಾಂಗ, ಪದ್ಮಸಾಲಿ ಅಂತ ಜಾತಿಗಳಿದ್ದವು. ನೂಲುವುದಕ್ಕೆ ಜಾತಿ ಇರಲಿಲ್ಲ, ಅದು 'ಹೆಂಗಸರ ಕೆಲಸ'. ಒಂದು ಮಗ್ಗಕ್ಕೆ ಬೇಕಾಗುವಷ್ಟು ನೂಲು ಒದಗಿಸಲು ಹಲವಾರು ರಾಟೆಗಳು ಬೇಕು. ಅಂದರೆ ನೇಕಾರನೊಬ್ಬ ಇದ್ದಾನೆಂದರೆ ಅವನ ಹಿಂದೆ ನಾಲ್ಕೈದಾದರೂ ಹೆಂಗಸರು ಬೇಕು. ಆದರೆ ನೇಕಾರನ ಹೆಸರಿನ ಪೇಟೆಗಳಿವೆ, ಬೀದಿಗಳಿವೆ, ಗುಡಿಗಳಿವೆ. ನೂಲುವವಳ ಹೆಸರಿನ ಬೀದಿ ಎಲ್ಲಾದರೂ ಕಂಡಿದ್ದೀರಾ?

ಅದರಿಂದಲೇ ಇಂಗ್ಲೆಂಡಿನ ಯಂತ್ರಗಳು ಬಂದಾಗ ಮೊದಲ ಏಟು ಬಿದ್ದದ್ದೂ ಅವಳಿಗೆ, ಆ ಏಟು ಲೆಕ್ಕಕ್ಕೆ ಸಿಗದೆ ಹೋದದ್ದೂ ಅವಳದೇ. ಆರ್ಕ್‌ರೈಟ್‌ನ ಯಂತ್ರ 1769ರದು, ಕ್ರಾಂಪ್ಟನ್ನನ 'ಮ್ಯೂಲ್' 1779ರದು. ಎರಡೂ ನೂಲುವ ಯಂತ್ರಗಳೇ. ನೇಕಾರ ಸೋವಿಯಾದ ಗಿರಣಿ ನೂಲು ಕೊಂಡು ಇನ್ನೂ ಎಷ್ಟೋ ಕಾಲ ಮಗ್ಗ ನಡೆಸಿದ, ಇವತ್ತಿಗೂ ಇಳಕಲ್ಲಿನಲ್ಲಿ, ಗುಳೇದಗುಡ್ಡದಲ್ಲಿ ಮಗ್ಗದ ಸದ್ದಿದೆ. ರಾಟೆ ಮಾತ್ರ ಸದ್ದಿಲ್ಲದೆ ಅಟ್ಟ ಸೇರಿತು.

ಸದ್ದೇ ಇಲ್ಲದೆ ಅನ್ನುವುದೂ ಪೂರ್ತಿ ಸರಿಯಲ್ಲ. ಒಂದು ದನಿ ಉಳಿದಿದೆ. 1828ರಲ್ಲಿ ಬಂಗಾಳದ 'ಸಮಾಚಾರ ದರ್ಪಣ' ಪತ್ರಿಕೆಗೆ ಶಾಂತಿಪುರದ ಒಬ್ಬ ನೂಲುವ ವಿಧವೆಯ ಪತ್ರ ಬಂತು. ಹೆಸರಿಲ್ಲ. ಇಪ್ಪತ್ತೆರಡನೇ ವಯಸ್ಸಿಗೆ ಗಂಡ ತೀರಿಕೊಂಡ, ಮೂರು ಹೆಣ್ಣುಮಕ್ಕಳು. ಇದ್ದ ಒಡವೆ ಅವನ ಕರ್ಮಕ್ಕೇ ಹೋಯಿತು. ಆಮೇಲೆ ಕದಿರು, ರಾಟೆ ಹಿಡಿದಳು. ನೇಕಾರರು ಮನೆ ಬಾಗಿಲಿಗೇ ಬಂದು ನೂಲು ಕೊಂಡರು, ಮುಂಗಡ ಕೊಟ್ಟರು. ಅದರಿಂದಲೇ ಅತ್ತೆ ಮಾವಂದಿರನ್ನು ಸಾಕಿದಳು, ಮಕ್ಕಳ ಮದುವೆ ಮಾಡಿದಳು. ಆಮೇಲೆ ವಿಲಾಯಿತಿ ನೂಲು ಬಂತು. ನೇಕಾರರು ಬರುವುದು ನಿಂತಿತು. ತನ್ನ ನೂಲನ್ನು ಕೇಳುವವರೇ ಇಲ್ಲ, ಅಲ್ಲಿನ ಆ ನೂಲನ್ನು ಮಾಡುವ ಹೆಂಗಸರು ನನಗಿಂತ ಬಡವರಿರಬೇಕು ಅಂತ ಅವಳಿಗೆ ಅನ್ನಿಸುತ್ತದೆ. ಯಂತ್ರದ ವಿಷಯ ಅವಳಿಗೆ ಗೊತ್ತಿಲ್ಲ. ಇಷ್ಟು ಅಗ್ಗಕ್ಕೆ ಮಾರುತ್ತಾರೆಂದರೆ ಪಾಪ, ಎಷ್ಟು ಕಷ್ಟದಲ್ಲಿದ್ದಾರೋ ಅಂತ ಅವಳ ಲೆಕ್ಕ. ನೂರು ವರ್ಷದ ಮೇಲೆ, 1931ರಲ್ಲಿ ಗಾಂಧೀಜಿ ಇದನ್ನು 'ಯಂಗ್ ಇಂಡಿಯಾ'ದಲ್ಲಿ ಮತ್ತೆ ಅಚ್ಚು ಹಾಕಿದರು.

ಇದನ್ನು ಓದಿದ ಸಂಜೆ ನಾನು 61 ಸುತ್ತು ನೂತೆ. ಆ ತಿಂಗಳಿಡೀ ಅದೇ ನನ್ನ ದಾಖಲೆ.

ಇನ್ನು ಬೆಳಗಾವಿಯ ನಿಯಮ ಏನಾಯಿತು? ಏನಾಗಬೇಕೋ ಅದೇ ಆಯಿತು! ಚಿತ್ತರಂಜನ ದಾಸ್, ಮೋತಿಲಾಲ್ ನೆಹರೂ ಅವರ ಸ್ವರಾಜ್ಯ ಪಕ್ಷದವರ ಜೊತೆಗೆ ರಾಜಿ ಮಾಡಿಕೊಂಡು ತಂದ ನಿಯಮ ಅದು. ರಾಜಿಯಲ್ಲೇ ಒಂದು ತೂತಿತ್ತು. ಕಾಯಿಲೆಯಾಗಿದ್ದರೆ, ಅಥವಾ ನೂಲಲು ಮನಸ್ಸೇ ಇಲ್ಲದಿದ್ದರೆ, ಬೇರೆಯವರು ನೂತದ್ದನ್ನು ಕೊಡಬಹುದು. ಅಂದರೆ ವಕೀಲರು ದುಡ್ಡು ಕೊಟ್ಟು ಬಡ ಹೆಂಗಸಿನ ಕೈಯ ನೂಲು ಕೊಂಡು ಚಂದಾ ಕಟ್ಟಬಹುದು. ಒಂಬತ್ತು ತಿಂಗಳೂ ಆಗಲಿಲ್ಲ, 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಸೇರಿದಾಗ ನಾಲ್ಕಾಣೆ ಮತ್ತೆ ವಾಪಸು ಬಂತು. ನೂಲು ಕೊಡುವವರು ಕೊಡಿ, ಇಲ್ಲದಿದ್ದರೆ ನಾಲ್ಕಾಣೆ. ನೂಲಿನ ಕೆಲಸಕ್ಕೆಂದೇ ಬೇರೆಯಾಗಿ ಅಖಿಲ ಭಾರತ ಚರಕಾ ಸಂಘ ಅಲ್ಲೇ ಹುಟ್ಟಿತು. ಅದೇ ತಿಂಗಳು ರವೀಂದ್ರನಾಥ ಟ್ಯಾಗೋರರು 'ಮಾಡರ್ನ್ ರಿವ್ಯೂ'ನಲ್ಲಿ ಚರಕದ ಆರಾಧನೆಯ ವಿರುದ್ಧ ಬರೆದರು. ಎಲ್ಲರೂ ಒಂದೇ ಚಕ್ರ ತಿರುಗಿಸುತ್ತ ಕೂತರೆ ಮನಸ್ಸು ಯಂತ್ರವಾಗುತ್ತದೆ ಅನ್ನುವುದು ಅವರ ಆತಂಕ. ಮೂರನೇ ವಾರದ ಹೊತ್ತಿಗೆ ನಾನು ಅರ್ಧ ಟ್ಯಾಗೋರರ ಪಕ್ಷ ಸೇರಿದ್ದೆ ಅನ್ನಿ. ಬೇಸರವೋ ಬೇಸರ. ಆದರೆ ಇಬ್ಬರು ದೊಡ್ಡವರ ಜಗಳದಲ್ಲಿ ಹೊಟ್ಟೆಪಾಡಿಗೆ ನೂಲುವವಳ ಮಾತು ಎಲ್ಲಿ? ಅವಳಿಗೆ ಧ್ಯಾನವೂ ಬೇಡ, ಯಂತ್ರವಾಗುವ ಭಯವೂ ಇಲ್ಲ, ಕೂಲಿ ಬೇಕು. ಆ ಕೂಲಿ ತೀರಾ ಕಡಿಮೆ ಅಂತ ಗಾಂಧೀಜಿಗೇ ಅನ್ನಿಸಿ, ಎಂಟು ಗಂಟೆಯ ಕೆಲಸಕ್ಕೆ ಎಂಟಾಣೆಯಾದರೂ ಸಿಗಬೇಕು ಅಂತ ವಾದ ಹೂಡಿದ್ದು 1935ರಲ್ಲಿ. ಆ ಮಟ್ಟ ಮುಟ್ಟಲಿಲ್ಲ. ಖಾದಿಯ ಬೆಲೆ ಏರುತ್ತದೆ, ಕೊಳ್ಳುವವರು ಕಡಿಮೆಯಾಗುತ್ತಾರೆ ಅನ್ನುವ ಹೆದರಿಕೆ ಆಗಲೂ ಇತ್ತು.

ತಿಂಗಳು ಮುಗಿದಾಗ ನನ್ನ ಲೆಕ್ಕ: 1180 ಸುತ್ತು. ಗಜದಲ್ಲಿ 1573. ತೂಕ ಸುಮಾರು 85 ಗ್ರಾಂ. ಬಾಕಿ 320 ಸುತ್ತು. ಅದೂ 'ಸಮನಾಗಿ ನೂತ' ಅನ್ನುವ ಷರತ್ತು ಹಾಕಿದರೆ ಮೊದಲ ಎರಡು ವಾರದ್ದೆಲ್ಲ ವಾಪಸು ಬರುತ್ತಿತ್ತು.

ನೂಲನ್ನು ಏನು ಮಾಡುವುದು? ನೇಯಿಸುವಷ್ಟಿಲ್ಲ. ತಂಗಿಗೆ ಈಗ ಏಳು ತಿಂಗಳು, ಬರುವ ಕೂಸಿಗೆ ಕುಲಾವಿ ಹೆಣೆಯೋಣ ಅಂದೆ. ಅವ್ವ ಒಪ್ಪಲಿಲ್ಲ. "ಕುಲಾವಿ ಅಂದ್ರ ಅರಬಿ ಹೊಲಿದು ಮಾಡೂದವಾ. ಕಡ್ಡೀಲೆ ಹೆಣದದ್ದು ಟೋಪಿಗಿ." ಅವಳ ಮಾತು ಇತಿಹಾಸದ ಪ್ರಕಾರವೂ ಸರಿಯೇ. ಎರಡು ಕಡ್ಡಿಯಲ್ಲಿ ಹೆಣೆಯುವುದು ನಮ್ಮದಲ್ಲ. ನಮ್ಮ ಬಟ್ಟೆಯೆಲ್ಲ ಹಾಸು ಹೊಕ್ಕಿನದು, ಕುರುಬರ ಕಂಬಳಿಯೂ ಮಗ್ಗದಲ್ಲಿ ನೇಯ್ದದ್ದೇ. ಹೆಂಗಸರು ದಖನಿ ಕುರಿಯ ಉಣ್ಣೆ ನೂತು ಕೊಟ್ಟರೆ ಗಂಡಸರು ಕುಣಿಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ. ಹೆಣಿಗೆ ನಮ್ಮಲ್ಲಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಮಿಷನರಿ ಶಾಲೆಗಳ ಮತ್ತು ಇಂಗ್ಲಿಷ್ ದೊರೆಸಾನಿಯರ ಕೈಹಿಡಿದು. ಆಮೇಲೆ ಹುಡುಗಿಯರ ಶಾಲೆಯ ಹೊಲಿಗೆ ಕ್ಲಾಸಿಗೆ ಇಳಿಯಿತು, ಅಲ್ಲಿಂದ ನಮ್ಮ ಅವ್ವಂದಿರ ಉಲ್ಲನ್ ಸ್ವೆಟರಿಗೆ.

ಹಾಗಂತ ಸಂಬಂಧವೇ ಇಲ್ಲ ಅನ್ನುವಂತಿಲ್ಲ. ಜಗತ್ತಿನಲ್ಲಿ ಸಿಕ್ಕಿರುವ ಅತಿ ಹಳೆಯ ನಿಜವಾದ ಹೆಣಿಗೆಗಳೆಂದರೆ ಈಜಿಪ್ಟಿನ ಕಾಲುಚೀಲಗಳು, ಸುಮಾರು ಎಂಟುನೂರರಿಂದ ಸಾವಿರ ವರ್ಷ ಹಿಂದಿನವು. ಉಣ್ಣೆಯವಲ್ಲ, ಹತ್ತಿಯವು. ಬಿಳಿ ಮತ್ತು ನೀಲಿ. ಅದೇ ಈಜಿಪ್ಟಿನ ಫುಸ್ತಾತ್‌ನ ಹಳೇ ತಿಪ್ಪೆಗಳಲ್ಲಿ ನಮ್ಮ ಗುಜರಾತಿನಿಂದ ಹೋದ ಅಚ್ಚು ಹಾಕಿದ ಹತ್ತಿ ಬಟ್ಟೆಯ ಚಿಂದಿಗಳೂ ರಾಶಿ ರಾಶಿ ಸಿಕ್ಕಿವೆ, ನೀಲಿ ಮತ್ತು ಕೆಂಪು. ಆಗಿನ ಕಾಲುಚೀಲ ಹೆಣೆದವರಿಗೆ ನಮ್ಮ ಬಟ್ಟೆ ಗೊತ್ತಿತ್ತು ಅಂದುಕೊಳ್ಳಲು ಅಡ್ಡಿಯಿಲ್ಲ.

ಹೆಣೆಯುವ ಮೊದಲು ಒಂಟಿ ಎಳೆಯನ್ನು ನಾಲ್ಕೆಳೆಯಾಗಿ ಹುರಿ ಮಾಡಬೇಕು. 1573 ಗಜ ಅಲ್ಲಿಗೆ ನಾನೂರರ ಒಳಗೆ ಇಳಿಯಿತು. ಒಂದು ತಿಂಗಳ ಬದುಕು ಅಂಗೈಯಲ್ಲಿ ಹಿಡಿಯುವಷ್ಟು! ಆಮೇಲೆ ಬಣ್ಣ.

ಬಣ್ಣದ ವಿಷಯದಲ್ಲಿ ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ, ಅರಿಶಿನದಿಂದ ಶುರು ಮಾಡಿದೆ. ಹಳದಿ ಅಂದರೆ ಹಳದಿ, ಕಣ್ಣು ಕುಕ್ಕುವಂಥದು. ನಾಲ್ಕು ದಿನ ಬಿಸಿಲಿಗೆ ಹಾಕಿದ್ದಕ್ಕೆ ಹಳೇ ಕಾಗದದ ಬಣ್ಣ. ಹತ್ತಿಗೆ ಬಣ್ಣ ಸುಲಭಕ್ಕೆ ಅಂಟುವುದಿಲ್ಲ. ಉಣ್ಣೆ, ರೇಷ್ಮೆಗಳಂತಲ್ಲ ಅದು, ಹಠಮಾರಿ. ಮೊದಲು ತೊಳೆಯುವ ಸೋಡಾ ಹಾಕಿ ಕುದಿಸಿ ಜಿಡ್ಡು ತೆಗೆಯಬೇಕು, ಆಮೇಲೆ ಅಳಲೆಕಾಯಿಯ ಚೊಗರು ನೀರು ಕುಡಿಸಬೇಕು, ಆಮೇಲೆ ಪಟಿಕದ ನೀರು. ಅಷ್ಟಾದ ಮೇಲೆ ಬಣ್ಣ. ಈ ಗುಟ್ಟು ನಮ್ಮವರಿಗೆ ತಿಳಿದಿದ್ದದ್ದು ಎಷ್ಟು ಹಿಂದೆ ಗೊತ್ತೇ? ಮೊಹೆಂಜೊದಾರೊದಲ್ಲಿ ಬೆಳ್ಳಿಯ ಪಾತ್ರೆಗೆ ಅಂಟಿಕೊಂಡು ಉಳಿದ ಹತ್ತಿ ಬಟ್ಟೆಯ ಚೂರಿನಲ್ಲಿ ಮಂಜಿಷ್ಠದ ಜಾತಿಯ ಕೆಂಪು ಕಂಡುಬಂತು. ನಾಲ್ಕು ಸಾವಿರ ವರ್ಷ! ಯುರೋಪಿನವರು ನಮ್ಮ ಚೀಟಿಬಟ್ಟೆಗೆ ಹುಚ್ಚಾದದ್ದು ಬಣ್ಣ ಚೆಂದ ಅಂತಷ್ಟೇ ಅಲ್ಲ, ಒಗೆದರೆ ಹೋಗುವುದಿಲ್ಲ ಅಂತ.

ಎರಡನೇ ಸಲ ದಾಳಿಂಬೆ ಸಿಪ್ಪೆ. ಕ್ರಮವಾಗಿ ಅಳಲೆ, ಪಟಿಕ ಎಲ್ಲ ಮಾಡಿ ಅದ್ದಿದೆ. ಮಂಕು ಹಳದಿ, ಆದರೆ ನಿಂತಿತು. ಶಿರಸಿಯ ಗೆಳತಿಯೊಬ್ಬಳು ಬಾಟಲಿಯಲ್ಲಿ ಅಡಿಕೆ ಚೊಗರು ಕಳಿಸಿದ್ದಳು, ಅಡಿಕೆ ಬೇಯಿಸಿದ ಗಟ್ಟಿ ನೀರು. ಹೆಗ್ಗೋಡಿನ 'ಚರಕ'ದ ಹೆಣ್ಣುಮಕ್ಕಳು ಬಟ್ಟೆಗೆ ಬಳಸುವುದು ಇದನ್ನೇ. ಇಟ್ಟಿಗೆಗಿಂತ ಸ್ವಲ್ಪ ಕಂದು, ಬಹಳ ಚೆಂದದ ಬಣ್ಣ. ಒಲೆಯ ಮುಂದೆ ನಿಂತು ನನಗೇ ಖುಷಿಯಾಗಿ ಅವ್ವನನ್ನು ಕೂಗಿ ಕರೆದೆ. ಅವ್ವ ಬಂದು ನೋಡಿದ್ದು ಬಣ್ಣವನ್ನಲ್ಲ: "ಅದು ಸಾರಿನ ಪಾತ್ರಿ ಅಲ್ಲೇನ?"

ಅಂಚಿಗೆ ಒಂದಿಷ್ಟು ಕಪ್ಪು ಬೇಕಿತ್ತು. ಕಲಂಕಾರಿಯವರ ಹಾಗೆ ತುಕ್ಕು ಹಿಡಿದ ಮೊಳೆ, ಬೆಲ್ಲ, ನೀರು ಕೂಡಿಸಿ ಮೂರು ವಾರ ಹುಳಿ ಬರಿಸಿದ್ದೆ. ಅಳಲೆ ಕುಡಿದ ನೂಲನ್ನು ಅದರಲ್ಲಿ ಅದ್ದಿದರೆ ಕಣ್ಣ ಮುಂದೆಯೇ ಕಪ್ಪಾಗುತ್ತದೆ, ಜಾದೂ! ಆಸೆಗೆ ಬಿದ್ದು ರಾತ್ರಿಯಿಡೀ ಬಿಟ್ಟೆ. ಮರುದಿನ ಕಡ್ಡಿಗೆ ಏರಿಸುವಾಗಲೇ ಎರಡು ಕಡೆ ಪಟ್ ಅಂತ ಹರಿಯಿತು. ಕಬ್ಬಿಣ ಹೆಚ್ಚಾದರೆ ಹತ್ತಿಯನ್ನು ತಿನ್ನುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಹಳೇ ಕಲಂಕಾರಿಗಳನ್ನು ಹತ್ತಿರದಿಂದ ನೋಡಿ, ಕೆಂಪು ನೀಲಿಯೆಲ್ಲ ಗಟ್ಟಿಯಿದ್ದು, ಕಪ್ಪು ಗೆರೆ ಇದ್ದ ಜಾಗದಲ್ಲಿ ಮಾತ್ರ ಬಟ್ಟೆ ಉದುರಿ ಹೋಗಿರುತ್ತದೆ.

ನೀಲಿಗೆ ಕೈ ಹಾಕಲಿಲ್ಲ. ನೀಲಿಯ ದಾರಿಯೇ ಬೇರೆ. ಅದು ನೀರಿನಲ್ಲಿ ಕರಗುವುದಿಲ್ಲ, ತೊಟ್ಟಿಯಲ್ಲಿ ಹುದುಗಿಸಿ ಆಮ್ಲಜನಕ ತೆಗೆದರೆ ಮಾತ್ರ ಕರಗುತ್ತದೆ. ಅದ್ದಿ ತೆಗೆದ ನೂಲು ಹಳದಿ ಹಸಿರು, ಗಾಳಿ ತಾಗಿದ ಮೇಲೆ ನೀಲಿ. ಹುದುಗಿದ ತೊಟ್ಟಿಯ ವಾಸನೆಗೆ ನಮ್ಮ ಮನೆಯಲ್ಲಿ ಪರವಾನಗಿ ಸಿಗುವ ಹಾಗಿಲ್ಲ. ಅದೂ ಅಲ್ಲದೆ ನೀಲಿಯ ಇತಿಹಾಸ ಯಾಕೋ ಭಾರ. ಬಂಗಾಳದ ರೈತರು 1859ರಲ್ಲಿ ತಿರುಗಿ ಬಿದ್ದ ಬೆಳೆ ಅದು. 1897ರಲ್ಲಿ ಜರ್ಮನಿಯ ಬಿ.ಎ.ಎಸ್.ಎಫ್. ಕಂಪನಿ ಕೃತಕ ನೀಲಿಯನ್ನು ಮಾರುಕಟ್ಟೆಗೆ ತಂದಾಗ ಗಿಡದ ನೀಲಿಯ ಬೆಲೆ ಕುಸಿಯಿತು. ರೈತ ಇನ್ನಾದರೂ ಪಾರಾದ ಅನ್ನುತ್ತೀರಿ. ಚಂಪಾರಣದ ತೋಟದ ದೊರೆಗಳು ತಮ್ಮ ನಷ್ಟವನ್ನು ಗೇಣಿ ಏರಿಸಿ ರೈತನ ತಲೆಗೇ ಕಟ್ಟಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದದ್ದು ಅದಕ್ಕೇ. ಇವತ್ತು 'ನೈಸರ್ಗಿಕ ಬಣ್ಣ' ಅನ್ನುವ ಚೀಟಿ ಅಂಟಿಸಿದ ಬಟ್ಟೆ ನೋಡಿದಾಗ ಅದು ತಾನಾಗಿಯೇ ಒಳ್ಳೆಯದು ಅಂತ ನಂಬಲು ನನಗೆ ಆಗುವುದಿಲ್ಲ. ಯಂತ್ರದ ನೂಲು ಒಬ್ಬಳ ಅನ್ನ ಕಸಿಯಿತು, ಗಿಡದ ನೀಲಿ ಇನ್ನೊಬ್ಬನ ಹೊಲವನ್ನೇ ನುಂಗಿತು.

ಕಳೆದ ವಾರ ಹಂಜಿ ತರಲು ಹುಬ್ಬಳ್ಳಿಯ ಕಡೆ ಹೋಗಿದ್ದೆ. ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ನಿಮಗೆ ಗೊತ್ತಿರುತ್ತದೆ, 1957ರ ನವೆಂಬರ್ ಒಂದರಂದು ಶುರುವಾದದ್ದು, ರಾಷ್ಟ್ರಧ್ವಜ ತಯಾರಿಸುವ ಜಾಗ. ಅಲ್ಲಿ ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಧ್ವಜದ ಬಟ್ಟೆಗೆ ಕೈನೂಲೇ, ಕೈಮಗ್ಗವೇ ಆಗಬೇಕು ಅನ್ನುವ ನಿಯಮ 2021ರ ಡಿಸೆಂಬರಿನಲ್ಲಿ ಸಡಿಲವಾಯಿತು, ಯಂತ್ರದ್ದೂ ಪಾಲಿಯೆಸ್ಟರೂ ಆಗಬಹುದು ಅಂತ. ಬೆಳಗಾವಿಯ ಚಂದಾದ ಹಾಗೇ ಇದೂ, ನೂಲೋ ನಾಲ್ಕಾಣೆಯೋ, ನಿಮ್ಮ ಇಷ್ಟ. ಬಸ್ಸಿನಲ್ಲಿ ಹಂಜಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ ಪಕ್ಕದ ಅಜ್ಜಿ ಮುಟ್ಟಿ ನೋಡಿ, "ನೂಲ್ತೀಯೇನವಾ?" ಅಂದಳು. ಹೌದು ಅಂದೆ. "ದಿನಕ್ಕೆಷ್ಟು ಬೀಳ್ತೈತಿ?" ನಾನು ಐವತ್ತು ಸುತ್ತು ಅಂತ ಸ್ವಲ್ಪ ಏರಿಸಿಯೇ ಹೇಳಿದೆ. ಅವಳು ನಕ್ಕು, "ಸುತ್ತಲ್ಲ, ರೊಕ್ಕ ಎಷ್ಟು ಬೀಳ್ತೈತಿ ಅಂತ ಕೇಳಿದ್ನಿ" ಅಂದಳು.

ಟೋಪಿಗಿ ಮುಗಿಯುತ್ತ ಬಂದಿದೆ. ದಾಳಿಂಬೆ ಹಳದಿ, ನಡುವೆ ಚೊಗರಿನ ಎರಡು ಪಟ್ಟಿ, ಕಪ್ಪು ಕೈಬಿಟ್ಟೆ. ಹತ್ತಿಗೆ ಉಣ್ಣೆಯಂತೆ ಹಿಗ್ಗುವ ಗುಣವಿಲ್ಲ, ಅದಕ್ಕೆ ಅಂಚಿಗೆ ಒಂದು ಸೀದಾ ಒಂದು ಉಲ್ಟಾ ಹಾಕು ಅಂತ ಅವ್ವ ಹೇಳಿಕೊಟ್ಟಳು, ಅವಳೇ ನಾಲ್ಕು ಸಾಲು ಹಾಕಿಯೂ ಕೊಟ್ಟಳು. ಮೊದಲ ವಾರದ ದಪ್ಪ ನೂಲು ಎಲ್ಲೆಲ್ಲಿ ಬಂದಿದೆಯೋ ಅಲ್ಲೆಲ್ಲ ಗಂಟುಗಂಟು. ಬಾಕಿ ಉಳಿದ 320 ಸುತ್ತನ್ನು ನಿನ್ನೆಯಿಂದ ಶುರು ಮಾಡಿದ್ದೇನೆ. ನಿನ್ನೆ 44, ಇವತ್ತು 47.